ತಾರೆ ಹೇಳಿದ್ದನ್ನು ವಾಲಿ ಮರೆಯುವಂತಿಲ್ಲ

ಮೇಜಿನ ಸುತ್ತ ನಾಲ್ಕೈದು ಜನ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತ ಕಥೆ ಬೆಳೆಸುವ ಆಟವೊಂದಿದೆ. ಕಾಕ್ಕನಾಡಿನ ಐಟಿ ಕಚೇರಿಗಳಲ್ಲಿ ದುಡಿಯುವ ನಮ್ಮ ಕೇಳುಗರಲ್ಲಿ ಕೆಲವರಾದರೂ ಆಡಿರಬಹುದು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದಲ್ಲಿ ಹೊರತಂದ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್'ನಿಂದ ಇದು ಹೆಸರಾಯಿತು. ನಾಯಕರು ಆಟಗಾರರ ಪಾಲಿಗೆ. ಕಾವಲುಗಾರ, ಅಂಗಡಿಯವ, ದೂತ ಮುಂತಾದ ಚಿಲ್ಲರೆ ಪಾತ್ರಗಳೆಲ್ಲ ಆಟ ನಡೆಸುವವನ ತಲೆಗೆ. ಯಾರು ಯಾರಿಗೆ ಏನು ಹೇಳಿದರೆಂದು ಆತ ನೆನಪಿಡದಿದ್ದರೆ ಕಥೆ ಹಳಿ ತಪ್ಪುತ್ತದೆ.

ಎರ್ನಾಕುಳಂನಲ್ಲಿ ರೈಲು ಹತ್ತಿ ಉತ್ತರಕ್ಕೆ ಹೋಗಿ. ಇದೇ ಕೇರಳದ ತುದಿಯಲ್ಲಿ, ಕಾಸರಗೋಡು-ಕುಂಬಳೆ ಸೀಮೆಯಲ್ಲಿ, ಇದಕ್ಕಿಂತ ಎಷ್ಟೋ ಹಳೆಯ ಕೂತಾಟವಿದೆ: ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಮೇಳಗಳ ತಿರುಗಾಟ ನಿಂತ ಮಳೆಗಾಲದಲ್ಲಿ ಇದರ ಭರಾಟೆ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತು ಕಟ್ಟುತ್ತಾರೆ. ಪ್ರಸಂಗದ ಪುಸ್ತಕದಲ್ಲಿರುವುದು ಪದ್ಯ ಮಾತ್ರ. ಮಾತೆಲ್ಲ ಆ ಹೊತ್ತಿನದು. ರಾಮಾಯಣ ಪ್ರಸಂಗಗಳ ಕರ್ತೃವೆಂದು ಪರಂಪರೆ ಹೇಳುವ ಪಾರ್ತಿಸುಬ್ಬ ಕುಂಬಳೆಯವನೇ. (ಅವನ ಬಗ್ಗೆ ಪಂಡಿತರು ಜಗಳವಾಡಿದ್ದು ಕಡಿಮೆಯಲ್ಲ. ಅದು ಇನ್ನೊಂದು ದಿನಕ್ಕಿರಲಿ.)

ವಾಲಿವಧೆಯನ್ನೇ ತೆಗೆದುಕೊಳ್ಳಿ. ಎಲ್ಲರೂ ಕಾಯುವುದು ಬಾಣ ಬಿದ್ದ ಮೇಲಿನ ವಾಲಿ-ರಾಮರ ವಾದಕ್ಕೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿಯನ್ನು ಕೇಳಿದವರು ಇಂದಿಗೂ ಅದನ್ನೇ ಹೇಳುತ್ತಾರೆ. ಆದರೆ ಅದಕ್ಕೆ ಮೊದಲು ತಾರೆ ಬರುತ್ತಾಳೆ. ಸೋತು ಓಡಿದ ಸುಗ್ರೀವ ಇಷ್ಟು ಬೇಗ ಮರಳಿದನೆಂದರೆ ಬೆನ್ನ ಹಿಂದೆ ಯಾರೋ ಇದ್ದಾರೆ ಎನ್ನುತ್ತಾಳೆ. ವಾಲ್ಮೀಕಿಯಲ್ಲಿ ಅವಳಿಗೆ ಸುದ್ದಿ ಕೊಟ್ಟವನು ಅಂಗದ, ಅಂಗದನಿಗೆ ಹೇಳಿದವರು ಗೂಢಚಾರರು. ಹೆಸರೇ ಇಲ್ಲದ ಆ ಚಾರರ ಮಾತು ಸಭೆಯಲ್ಲಿ ಒಮ್ಮೆ ಬಿತ್ತೆಂದರೆ ಮುಗಿಯಿತು. ರಾಮನೆಂಬವನು ಸುಗ್ರೀವನ ಕಡೆ ಇದ್ದಾನೆಂದೇ ಗೊತ್ತಿರಲಿಲ್ಲ ಎಂದು ವಾಲಿ ಆಮೇಲೆ ಹೇಳುವಂತಿಲ್ಲ. ಗೊತ್ತಿದ್ದೂ ನಂಬಿ ಹೊರಟೆ, ಧರ್ಮ ತಿಳಿದವನು ಮರೆಯಿಂದ ಹೊಡೆಯಲಾರ ಎಂದುಕೊಂಡೆ ಎನ್ನಬೇಕು. ಹಾಗೆಂದಾಗಲೇ ಅವನ ಪ್ರಶ್ನೆಗೆ ಮೊನಚು ಬರುವುದು.

ಇದನ್ನೆಲ್ಲ ಬರೆದಿಡುವವರು ಯಾರೂ ಇಲ್ಲ. ಎದುರಿನ ಅರ್ಥಧಾರಿ ಕಿವಿಯಲ್ಲಿ ಹಿಡಿದಿಟ್ಟುಕೊಂಡು, ತಕ್ಕ ಹೊತ್ತಿಗೆ ತಾರೆಯ ಮಾತನ್ನೇ ತಿರುಗಿಸಿ ಕೇಳುತ್ತಾನೆ. ಮಾತು ದಾರಿ ಬಿಟ್ಟರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ. ಜನ ಕಡಿಮೆಯಿದ್ದಲ್ಲಿ ತಾರೆಯಾದವರೇ ಮತ್ತೊಂದು ಪಾತ್ರಕ್ಕೂ ಕೂರಬೇಕು. ಆಗ ದನಿ, ನಿಲುವು ಎರಡೂ ಬೇರೆಯಾಗಬೇಕು. ನನ್ನ ಮಟ್ಟಿಗೆ ವಾಲಿಯಾಗುವುದಕ್ಕಿಂತ ಇದು ಕಷ್ಟದ ಕೆಲಸ. ಆದರೂ ನೋಟೀಸಿನಲ್ಲಿ ದಪ್ಪಕ್ಷರ ವಾಲಿಗೇ.

ಈಗ ರಾತ್ರಿಯಿಡೀ ಕೂರುವವರು ಕಡಿಮೆ, ಮೂರು ಗಂಟೆಯ ಕೂಟಗಳೇ ಹೆಚ್ಚು. ಸಮಯ ಸಾಲದೆಂದಾಗ ಮೊದಲು ಕತ್ತರಿ ಬೀಳುವುದು ಚಾರಕನಿಗೆ, ಆಮೇಲೆ ತಾರೆಗೆ. ತಾರೆಯನ್ನು ಎರಡೇ ವಾಕ್ಯಕ್ಕೆ ಮುಗಿಸಿದ ಕೂಟದಲ್ಲಿ, ಬಾಣ ತಾಗಿದ ವಾಲಿ "ಯಾರಯ್ಯಾ ನೀನು?" ಎಂದು ರಾಮನನ್ನೇ ಕೇಳಿದರೂ ತಡೆಯುವುದಕ್ಕೆ ಸಭೆಯಲ್ಲಿ ಯಾರ ಬಳಿಯೂ ಮಾತಿರುವುದಿಲ್ಲ.