ಸರಾಸರಿಯ ಮರೆಯಲ್ಲಿ: ಅಸಮ ಅಭಿವೃದ್ಧಿಯ ಮಾಪನವೂ ಮಾಲ್ಡೀವ್ಸಿನ ಪ್ರವಾಸೋದ್ಯಮವೂ

ಲೋಕದ ಒಂದು ಭಾಗವು ಸಿರಿಯಲ್ಲಿ ಮೆರೆಯುತ್ತಿರಲು ಇನ್ನೊಂದು ಭಾಗವು ಅಭಾವದಲ್ಲಿ ಬೇಯುತ್ತಿರುವುದನ್ನು ದೈವಲಿಖಿತವೆಂದು ಬಗೆದು ಸುಮ್ಮನಿರುವುದು ವಿಚಾರಶೀಲರಿಗೆ ತಕ್ಕುದಲ್ಲ. ಭಾರತದ ಸಂಪತ್ತು ಪ್ರತಿಫಲವಿಲ್ಲದೆ ಬ್ರಿಟನ್ನಿಗೆ ಹರಿದುಹೋಗುತ್ತಿದ್ದ ಬಗೆಯನ್ನು ದಾದಾಭಾಯಿ ನವರೋಜಿಯವರು 1901ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಲೆಕ್ಕಸಹಿತವಾಗಿ ತೋರಿಸಿಕೊಟ್ಟರು. ಕಚ್ಚಾ ಸರಕನ್ನು ಮಾರಿ ಸಿದ್ಧವಸ್ತುಗಳನ್ನು ಕೊಳ್ಳುವ ದೇಶಗಳಿಗೆ ವ್ಯಾಪಾರದ ಲಾಭವು ಕಾಲಕ್ರಮದಲ್ಲಿ ಕುಗ್ಗುತ್ತ ಹೋಗುವುದೆಂದು ರಾವುಲ್ ಪ್ರೆಬಿಷ್ ಮತ್ತು ಹಾನ್ಸ್ ಸಿಂಗರ್ ಅವರು 1950ರಲ್ಲಿ ಪ್ರತಿಪಾದಿಸಿದರು. ಹೀಗೆ ಕಾರಣಗಳನ್ನು ಇತಿಹಾಸವೇ ಹೇಳುತ್ತದೆ. ಪರಿಣಾಮವನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದು ಈ ಲೇಖನದ ಜಿಜ್ಞಾಸೆ.

ತಲಾ ಆದಾಯವೇ ಬಹುಕಾಲ ಆ ಅಳತೆಗೋಲಾಗಿತ್ತು. 1990ರಲ್ಲಿ ಮಹಬೂಬ್ ಉಲ್ ಹಕ್ ಅವರು ಅಮರ್ತ್ಯ ಸೇನರ ನೆರವಿನಿಂದ, ಆಯುಷ್ಯ, ವಿದ್ಯೆ, ಆದಾಯ ಮೂರನ್ನೂ ಕೂಡಿಸಿದ ಮಾನವ ಅಭಿವೃದ್ಧಿ ಸೂಚ್ಯಂಕವನ್ನು ಮುಂದಿಟ್ಟುದು ದೊಡ್ಡ ಮುನ್ನಡೆಯೇ ಸರಿ. ಆದರೂ ಅದು ಸರಾಸರಿಯೇ ಆಗಿದ್ದುದರಿಂದ, ಅಸಮಾನತೆ ಹೆಚ್ಚಿದಷ್ಟೂ ಅಂಕವನ್ನು ತಗ್ಗಿಸುವ ಇನ್ನೊಂದು ಸೂಚ್ಯಂಕವನ್ನು 2010ರಲ್ಲಿ ಸೇರಿಸಬೇಕಾಯಿತು. ಕರ್ನಾಟಕದಲ್ಲಿಯೂ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ರಾಜ್ಯದ ಸರಾಸರಿಯಿಂದ ತೃಪ್ತವಾಗದೆ 35 ಸೂಚಕಗಳಿಂದ ಒಂದೊಂದು ತಾಲ್ಲೂಕನ್ನೂ ಅಳೆದುದರಿಂದಲೇ, 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂಬ ಸತ್ಯವು 2002ರಲ್ಲಿ ಬೆಳಕಿಗೆ ಬಂದಿತು.

ಈ ದೃಷ್ಟಿಯಿಂದ ಮಾಲ್ಡೀವ್ಸನ್ನು ನೋಡಬೇಕು. 1972ರಲ್ಲಿ ಕುರುಂಬಾ ಎಂಬ ಮೊದಲ ವಿಹಾರಧಾಮವು ತೆರೆದ ಮೇಲೆ, ಜನವಸತಿಯಿಲ್ಲದ ದ್ವೀಪಗಳನ್ನು ಒಂದೊಂದಾಗಿ ಗುತ್ತಿಗೆಗೆ ಕೊಡುವ ಪದ್ಧತಿ ಬೆಳೆಯಿತು. ಗುತ್ತಿಗೆಯ ಹಣದಿಂದ ಶಾಲೆಗಳೂ ಆಸ್ಪತ್ರೆಗಳೂ ಎದ್ದುವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅತಿಥಿಯ ಮುಂದಿನ ತಟ್ಟೆಯನ್ನೇ ಪರೀಕ್ಷಿಸಿ ನೋಡಿ: ಅಕ್ಕಿ, ಬೇಳೆ, ಸಕ್ಕರೆ, ಈರುಳ್ಳಿ ಹಡಗಿನಲ್ಲಿ ಬಂದುವು, ಗಳುವಿಗೆ ಕಟ್ಟಿದ ಗಾಳದಿಂದ ಒಂದೊಂದಾಗಿ ಹಿಡಿದ ಟ್ಯೂನಾ ಮೀನೊಂದೇ ಅಲ್ಲಿನ ಕಡಲಿನದು. ಬಡಿಸುವವರಲ್ಲಿಯೂ ಹಲವರು ಪರದೇಶದವರು. ಹೀಗೆ ಬಂದ ಹಣದ ಗಣನೀಯ ಪಾಲು ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಜನವಸತಿಯುಳ್ಳ ದ್ವೀಪಗಳಲ್ಲಿ ಅತಿಥಿಗೃಹಗಳಿಗೆ ಅವಕಾಶ ದೊರೆತುದು 2009ರ ಸುಮಾರಿಗಷ್ಟೆ.

ಆ ಏಳಿಗೆಯ ಅಸ್ಥಿರತೆಯನ್ನು ಒಂದು ಪ್ರಸಂಗವು ಸ್ಪಷ್ಟಪಡಿಸುತ್ತದೆ. ಅತಿ ಹಿಂದುಳಿದ ದೇಶಗಳ ಪಟ್ಟಿಯಿಂದ ಮಾಲ್ಡೀವ್ಸನ್ನು ತೆಗೆಯುವ ನಿರ್ಣಯವನ್ನು ವಿಶ್ವಸಂಸ್ಥೆಯ ಮಹಾಸಭೆಯು ಅಂಗೀಕರಿಸಿದುದು 2004ರ ಡಿಸೆಂಬರ್ 20ರಂದು. ಆರನೆಯ ದಿನವೇ ಸುನಾಮಿಯು ದ್ವೀಪಗಳ ಮೇಲೆ ಹಾಯ್ದಿತು. ನಿರ್ಣಯವನ್ನು ಮುಂದೂಡಲಾಗಿ, 2011ರ ಜನವರಿ 1ರಂದು ಅದು ಜಾರಿಗೆ ಬಂದಿತು. ಆ ಪಟ್ಟಿಯಿಂದ ಹೊರಬರಲು ಇರುವ ಮೂರು ಪರೀಕ್ಷೆಗಳಲ್ಲಿ ಆದಾಯ ಮತ್ತು ಮಾನವ ಸಂಪತ್ತು ಎಂಬ ಎರಡರಲ್ಲಿ ಗೆದ್ದ ದೇಶವು, ಆರ್ಥಿಕ ದುರ್ಬಲತೆಯೆಂಬ ಮೂರನೆಯದರಲ್ಲಿ ಗೆದ್ದಿರಲಿಲ್ಲವೆಂಬುದು ಇಲ್ಲಿ ಗಮನಾರ್ಹ. 2019ರಲ್ಲಿ ಸುಮಾರು 17 ಲಕ್ಷ ಪ್ರವಾಸಿಗರನ್ನು ಕಂಡ ನಾಡಿನ ಉತ್ಪನ್ನವು, ಸಾಂಕ್ರಾಮಿಕದಿಂದ ಗಡಿಗಳು ಮುಚ್ಚಿದ 2020ರಲ್ಲಿ ಸುಮಾರು ಮೂರರಲ್ಲೊಂದು ಪಾಲು ಕುಸಿದುದೂ ಅದೇ ದುರ್ಬಲತೆಯ ಸಾಕ್ಷಿ.

ಆದುದರಿಂದ ಪ್ರವಾಸಿಗರ ತಲೆಯೆಣಿಕೆಯೂ ತಲಾ ಆದಾಯವೂ ಅಭಿವೃದ್ಧಿಯ ಪ್ರಮಾಣಗಳಾಗಲಾರವು. ಬಂದ ಹಣದಲ್ಲಿ ಎಷ್ಟು ನೆಲದಲ್ಲಿ ಇಂಗಿತು, ಯಾರ ಮನೆಯವರೆಗೆ ತಲುಪಿತು, ಆಪತ್ಕಾಲಕ್ಕೆ ಎಷ್ಟು ಉಳಿಯಿತು ಎಂಬೀ ಮೂರನ್ನೂ ಅಳೆಯದ ಸೂಚ್ಯಂಕವು ಅಪೂರ್ಣವೆಂದೇ ಹೇಳಬೇಕಾಗುತ್ತದೆ.