ಹತ್ತಕ್ಕೆ ಒಂದು: ಹೆಲ್ಸಿಂಕಿಯಲ್ಲಿ ಗೋಲು ಹೊಡೆದ ಬೆಂಗಳೂರಿನ ಅಹ್ಮದ್ ಖಾನ್

ಇವತ್ತು ಒಂದು ಕ್ವಿಜ್ ಪ್ರಶ್ನೆಯಿಂದ ಶುರು ಮಾಡೋಣ. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಯಾರದ್ದು? ಎರಡನೇ ಗೋಲು ಯಾರದ್ದು? ಗೂಗಲ್ ಮಾಡೋದು ಬೇಡ, ನಾನೇ ಹೇಳ್ತೀನಿ. ಮೊದಲನೇದು 1948ರ ಲಂಡನ್‌ನಲ್ಲಿ, ಸಾರಂಗಪಾಣಿ ರಾಮನ್ ಹೊಡೆದಿದ್ದು. ಎರಡನೇದು 1952ರ ಹೆಲ್ಸಿಂಕಿಯಲ್ಲಿ, ಅಹ್ಮದ್ ಖಾನ್ ಹೊಡೆದಿದ್ದು. ಇಬ್ಬರೂ ಆಗಿನ ಮೈಸೂರಿನ ಆಟಗಾರರು. ಅಂದ್ರೆ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಎರಡೂ ಗೋಲು ನಮ್ಮ ನಾಡಿನವರ ಕಾಲಿಂದ ಬಂದವು.

ನಮ್ಮ ಹಂದನಕೆರೆ, ಚಿಕ್ಕನಾಯಕನಹಳ್ಳಿ, ತಿಪಟೂರು ಕಡೆ ಆಟ ಅಂದ್ರೆ ಕಬಡ್ಡಿ, ಕ್ರಿಕೆಟ್, ಸಂಜೆ ಹೊತ್ತು ಒಂದಿಷ್ಟು ವಾಲಿಬಾಲ್. ಫುಟ್‌ಬಾಲ್ ನಮಗೆ ಫೋನಿನಲ್ಲಿ ಬಂದ ಆಟ. ಮೆಸ್ಸಿ, ರೊನಾಲ್ಡೊ ಫೋಟೊ ಸ್ಟೇಟಸ್‌ಗೆ ಹಾಕ್ತೀವಿ. ಆದ್ರೆ ತಿಪಟೂರಲ್ಲಿ ರೈಲು ಹತ್ತಿದರೆ ಇಳಿಯೋ ಬೆಂಗಳೂರಲ್ಲೇ ಹುಟ್ಟಿ ಬೆಳೆದ ಒಬ್ಬ ಫಾರ್ವರ್ಡ್, ಇಡೀ ಕಲ್ಕತ್ತಾ ಹೆಗಲ ಮೇಲೆ ಹೊತ್ತುಕೊಂಡ ಆಟಗಾರ, ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇವತ್ತಿನ ಎಪಿಸೋಡ್ ಅಹ್ಮದ್ ಖಾನ್ ಬಗ್ಗೆ.

ಅವರು ಹುಟ್ಟಿದ್ದು 1926ರಲ್ಲಿ, ಬೆಂಗಳೂರಿನಲ್ಲಿ. ಆಗ ಬೆಂಗಳೂರು ಎರಡು ಊರಿದ್ದ ಹಾಗೆ. ಒಂದು ಪೇಟೆ, ಇನ್ನೊಂದು ಬ್ರಿಟಿಷ್ ಸೈನ್ಯ ಇದ್ದ ದಂಡು. ಫುಟ್‌ಬಾಲ್ ಬೆಳೆದಿದ್ದು ದಂಡಿನ ಸುತ್ತಮುತ್ತ. ಸೈನಿಕರು ಬೂಟು ಹಾಕಿ ಆಡ್ತಿದ್ರು, ಪಕ್ಕದ ಬೀದಿ ಹುಡುಗರು ಬರಿಗಾಲಲ್ಲಿ ಕಲಿತರು. ಕಲಿತವರು ಎಲ್ಲಿಗೆ ಮುಟ್ಟಿದ್ರು ನೋಡಿ. ಬೊಂಬಾಯಿಯಲ್ಲಿ 1891ರಿಂದ ರೋವರ್ಸ್ ಕಪ್ ನಡೀತಿತ್ತು, ವರ್ಷ ವರ್ಷ ಗೆಲ್ತಿದ್ದವು ಬ್ರಿಟಿಷ್ ರೆಜಿಮೆಂಟ್‌ಗಳೇ. 1937ರಲ್ಲಿ ಮೊದಲ ಸಲ ಒಂದು ಭಾರತೀಯ ತಂಡ ಆ ಕಪ್ ಎತ್ತಿತು. ಕಲ್ಕತ್ತಾದ ತಂಡ ಅಲ್ಲ, ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಆಗ ಅಹ್ಮದ್ ಇನ್ನೂ ಹತ್ತು ಹನ್ನೊಂದರ ಹುಡುಗ. ಮುಂದೆ ಅವರು ಆಡಿ ಹೆಸರು ಮಾಡಿದ್ದೂ ಇದೇ ಕ್ಲಬ್‌ನಲ್ಲಿ.

1946-47ರಲ್ಲಿ ಮೈಸೂರು ತಂಡ ಬಂಗಾಳವನ್ನೇ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ಭಾರತದ ಫುಟ್‌ಬಾಲ್‌ಗೆ ಕಲ್ಕತ್ತಾ ರಾಜಧಾನಿ ಅಂತ ಎಲ್ಲರೂ ಒಪ್ಪಿದ್ದ ಕಾಲ ಅದು. ಹಾಗಾಗಿ 1948ರಲ್ಲಿ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ತಂಡ ಹೊರಟಾಗ ಅದರಲ್ಲಿ ಮೈಸೂರಿನ ಆಟಗಾರರು ಇದ್ದಿದ್ದು ಆಶ್ಚರ್ಯ ಏನಲ್ಲ. ಗೋಲಿನಲ್ಲಿ ವರದರಾಜ್, ಮುಂದೆ ರಾಮನ್, ಅಹ್ಮದ್ ಖಾನ್.

ಜುಲೈ 31, 1948. ಲಂಡನ್ ಹತ್ತಿರದ ಇಲ್ಫರ್ಡ್ ಮೈದಾನ. ಎದುರಾಳಿ ಫ್ರಾನ್ಸ್. ನಮ್ಮ ಹನ್ನೊಂದು ಜನರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಇಳಿದರು. ಫ್ರಾನ್ಸ್ ಮೊದಲು ಗೋಲು ಹೊಡೀತು. 70ನೇ ನಿಮಿಷದಲ್ಲಿ ರಾಮನ್ ಸಮ ಮಾಡಿದರು. ಸಿಕ್ಕ ಎರಡು ಪೆನಾಲ್ಟಿಯನ್ನೂ ಭಾರತ ಕೈಚೆಲ್ಲಿತು. ಇನ್ನೇನು ಆಟ ಮುಗೀಬೇಕು ಅನ್ನುವಾಗ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು. ಸೋತರೂ ಆ ಬರಿಗಾಲಿನ ಹುಡುಗರ ಆಟ ನೋಡಿ ಇಂಗ್ಲೆಂಡಿನ ಜನ ಬೆರಗಾದರು.

ಈಗ ಆಟದ ವಿಷಯ ಸ್ವಲ್ಪ. ಈಗ ತಂಡಗಳು ಮುಂದೆ ಮೂವರನ್ನೋ ಒಬ್ಬರನ್ನೋ ನಿಲ್ಲಿಸ್ತವೆ. ಆ ಕಾಲದಲ್ಲಿ ಫಾರ್ವರ್ಡ್‌ಗಳು ಐದು ಜನ. ಎರಡು ತುದಿಯಲ್ಲಿ ಓಡೋರು ಇಬ್ಬರು, ಮಧ್ಯದಲ್ಲಿ ಗೋಲು ಹೊಡೆಯೋ ಸೆಂಟರ್ ಫಾರ್ವರ್ಡ್, ಅವನ ಎಡಕ್ಕೊಬ್ಬ ಬಲಕ್ಕೊಬ್ಬ. ಅಹ್ಮದ್ ಖಾನ್ ಆಡಿದ್ದು ಸೆಂಟರ್ ಫಾರ್ವರ್ಡ್‌ನ ಎಡಕ್ಕೆ, ಇನ್‌ಸೈಡ್ ಲೆಫ್ಟ್ ಅಂತಾರೆ. ಚೆಂಡನ್ನು ಹಿಂದಿನಿಂದ ತಗೊಂಡು, ಒಬ್ಬಿಬ್ಬರನ್ನು ತಪ್ಪಿಸಿ, ಸರಿಯಾದ ಹೊತ್ತಿಗೆ ಪಕ್ಕದವನಿಗೆ ಕೊಡೋದು ಆ ಜಾಗದ ಕೆಲಸ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕಬಡ್ಡಿಯಲ್ಲಿ ಒಳ್ಳೆ ರೇಡರ್ ಎಡಕ್ಕೆ ಮೈ ತೋರಿಸಿ ಬಲಕ್ಕೆ ಕಾಲು ಚಾಚ್ತಾನಲ್ಲ, ಅದನ್ನೇ ಚೆಂಡು ಇಟ್ಕೊಂಡು ಮಾಡೋದು. ಕಲ್ಕತ್ತಾದವರು ಅವರಿಗೆ ಇಟ್ಟ ಅಡ್ಡಹೆಸರು 'ಹಾವಾಡಿಗ'. ಚೆಂಡು ಅವರ ಕಾಲಿನ ಮುಂದೆ ಹೆಡೆ ಆಡಿಸೋ ಹಾವಿನ ಹಾಗೆ ಆಡ್ತಿತ್ತಂತೆ.

1949ರಲ್ಲಿ ಅವರು ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಈ ಕಥೆಯ ಜೀವ ಇರೋದು ಇಲ್ಲೇ.

ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರಲ್ಲಿ. ಪೂರ್ವ ಬಂಗಾಳದ ಕಡೆಯಿಂದ ಕಲ್ಕತ್ತಾಗೆ ಬಂದವರ ಕ್ಲಬ್ ಅದು. 1946ರಲ್ಲಿ ಊರು ಹೊತ್ತಿ ಉರಿದಿತ್ತು. 1947ರಲ್ಲಿ ಗಲಭೆಯಿಂದಾಗಿ ಕಲ್ಕತ್ತಾ ಲೀಗ್ ಕೂಡ ಪೂರ್ತಿ ನಡೆಯಲಿಲ್ಲ. ದೇಶ ವಿಭಜನೆ ಆಯ್ತು, ಪೂರ್ವ ಬಂಗಾಳ ಪಾಕಿಸ್ತಾನಕ್ಕೆ ಹೋಯ್ತು. ಲಕ್ಷಾಂತರ ಹಿಂದೂ ಕುಟುಂಬಗಳು ಮನೆ ಮಠ ಬಿಟ್ಟು ಕಲ್ಕತ್ತಾಗೆ ಬಂದು, ಸಿಯಾಲ್ದಾ ಸ್ಟೇಷನ್ ಪ್ಲಾಟ್‌ಫಾರ್ಮ್ ಮೇಲೆ, ಶಿಬಿರಗಳಲ್ಲಿ ಮಲಗಿದವು. 1950ರಲ್ಲಿ ಎರಡೂ ಕಡೆ ಮತ್ತೆ ಗಲಭೆ, ಮತ್ತೆ ನಿರಾಶ್ರಿತರು. ಹೆಸರಿನಲ್ಲಾದರೂ ತಮ್ಮ ಊರು ಉಳಿದಿದ್ದ ಒಂದು ಜಾಗ ಅಂದ್ರೆ ಅವರಿಗೆ ಈ ಕ್ಲಬ್ಬೇ.

ಅದೇ ಹೊತ್ತಿಗೆ ಕ್ಲಬ್‌ನ ಕಾರ್ಯದರ್ಶಿ ಜ್ಯೋತಿಷ್ ಗುಹಾ ದಕ್ಷಿಣದಿಂದ ಐವರು ಫಾರ್ವರ್ಡ್‌ಗಳನ್ನು ಒಟ್ಟುಗೂಡಿಸಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಈ ಐವರಲ್ಲಿ ಯಾರೂ ಬಂಗಾಳಿ ಅಲ್ಲ. ಇಬ್ಬರು ಮುಸ್ಲಿಮರು. ಜನ ಈ ಐವರಿಗೆ ಏನಂತ ಕರೆದರು ಗೊತ್ತಾ? ಪಂಚಪಾಂಡವರು.

ಸ್ವಲ್ಪ ಯೋಚನೆ ಮಾಡಿ. ಧರ್ಮದ ಹೆಸರಲ್ಲಿ ನಡೆದ ಗಲಭೆಯಿಂದ ಎಲ್ಲ ಕಳ್ಕೊಂಡು ಬಂದ ಜನ, ಗ್ಯಾಲರಿಯಲ್ಲಿ ನಿಂತು, ಬೆಂಗಳೂರಿನ ಒಬ್ಬ ಮುಸ್ಲಿಂ ಹುಡುಗನನ್ನು ತಮ್ಮ ಪಾಂಡವ ಅಂತ ಕೂಗ್ತಿದ್ದಾರೆ. ಫುಟ್‌ಬಾಲ್ ಎಲ್ಲ ಗಾಯ ವಾಸಿ ಮಾಡ್ತು ಅಂತ ನಾನು ಹೇಳಲ್ಲ, ಹಾಗೇನೂ ಆಗಲಿಲ್ಲ. ಗೇಟ್ ಆಚೆ ಜಗಳ ಇದ್ದೇ ಇತ್ತು. ಆದ್ರೆ ಆಟ ನಡೀತಿದ್ದಷ್ಟು ಹೊತ್ತು ಆ ಜನ ನೋಡಿದ್ದು ಚೆಂಡು ಯಾರ ಕಾಲಲ್ಲಿ ಇದೆ ಅನ್ನೋದನ್ನ ಮಾತ್ರ.

ಮೊದಲ ವರ್ಷವೇ, 1949ರಲ್ಲಿ, ಲೀಗ್, ಐಎಫ್‌ಎ ಶೀಲ್ಡ್, ರೋವರ್ಸ್ ಕಪ್ ಮೂರೂ ಬಂದವು. ಶೀಲ್ಡ್ ಅನ್ನು 1949, 50, 51 ಸತತ ಮೂರು ವರ್ಷ ಗೆದ್ದರು. ಅದಕ್ಕೂ ಮುಂಚೆ ಯಾವ ಭಾರತೀಯ ಕ್ಲಬ್ಬೂ ಅದನ್ನು ಮಾಡಿರಲಿಲ್ಲ. 1951, 52ರಲ್ಲಿ ದೆಹಲಿಯ ಡ್ಯುರಾಂಡ್ ಕಪ್ ಕೂಡ ಬಂತು. ಉಳಿದ ಪಾಂಡವರು ಒಬ್ಬೊಬ್ಬರಾಗಿ ಹೋದ ಮೇಲೂ ಅಹ್ಮದ್ ಸುಮಾರು ಹತ್ತು ವರ್ಷ ಅದೇ ಕೆಂಪು-ಹಳದಿ ಜರ್ಸಿಯಲ್ಲಿ ಆಡಿದರು.

1950ರ ವಿಶ್ವಕಪ್ ವಿಷಯ ವಾಟ್ಸಾಪ್‌ನಲ್ಲಿ ನೀವೂ ಓದಿರ್ತೀರ. 'ಬರಿಗಾಲಲ್ಲಿ ಆಡೋಕೆ ಬಿಡಲ್ಲ ಅಂದಿದ್ದಕ್ಕೆ ಭಾರತ ಹೋಗಲಿಲ್ಲ' ಅಂತ. ಅದು ನಿಜವಾದ ಕಾರಣ ಅಲ್ಲ. ನಮ್ಮ ಗುಂಪಿನಲ್ಲಿದ್ದ ಬರ್ಮಾ, ಇಂಡೋನೇಷ್ಯಾ, ಫಿಲಿಪೈನ್ಸ್ ಹಿಂದೆ ಸರಿದಿದ್ದರಿಂದ ಭಾರತಕ್ಕೆ ನೇರವಾಗಿ ಜಾಗ ಸಿಕ್ಕಿತ್ತು. ಸ್ವೀಡನ್, ಇಟಲಿ, ಪರಾಗ್ವೆ ಜೊತೆ ಆಡಬೇಕಿತ್ತು. ಆದ್ರೆ ನಮ್ಮ ಫುಟ್‌ಬಾಲ್ ಫೆಡರೇಷನ್‌ಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ ಅಷ್ಟು ಮುಖ್ಯ ಅನ್ನಿಸಲಿಲ್ಲ. ಬ್ರೆಜಿಲ್‌ಗೆ ದೂರದ ಪ್ರಯಾಣ ಬೇರೆ. ಆಗ ಅಹ್ಮದ್ ಖಾನ್‌ಗೆ 23 ವರ್ಷ. ಒಬ್ಬ ಫಾರ್ವರ್ಡ್‌ಗೆ ಅದಕ್ಕಿಂತ ಒಳ್ಳೆ ವಯಸ್ಸಿಲ್ಲ. ಕಚೇರಿಯಲ್ಲಿ ಕೂತವರ ಒಂದು ತೀರ್ಮಾನಕ್ಕೆ ಆಟಗಾರ ಕೊಡೋ ಬೆಲೆ ಇದು. ಆ ಜಾಗ ಭಾರತಕ್ಕೆ ಇವತ್ತಿಗೂ ಮತ್ತೆ ಸಿಕ್ಕಿಲ್ಲ.

ಮರುವರ್ಷ ಸಮಾಧಾನ ಸಿಕ್ತು. 1951ರ ಮೊದಲ ಏಷ್ಯನ್ ಗೇಮ್ಸ್, ದೆಹಲಿ. ಕೋಚ್ ಹೈದರಾಬಾದಿನ ರಹೀಮ್ ಸಾಹೇಬರು. 'ಮೈದಾನ್' ಸಿನಿಮಾ ನೋಡಿದವರಿಗೆ ಅವರ ಪರಿಚಯ ಇರುತ್ತೆ. ಫೈನಲ್‌ನಲ್ಲಿ ಮೇವಾಲಾಲ್ ಹೊಡೆದ ಒಂದೇ ಗೋಲಿಗೆ ಇರಾನ್ ಸೋತಿತು. ಚಿನ್ನ ಗೆದ್ದ ಆ ತಂಡದಲ್ಲಿ ಅಹ್ಮದ್ ಖಾನ್ ಇದ್ದರು.

ಆಮೇಲೆ ಹೆಲ್ಸಿಂಕಿ. ಜುಲೈ 15, 1952. ಎದುರಾಳಿ ಯುಗೊಸ್ಲಾವಿಯಾ, ಆ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡ. ಫಿನ್ಲೆಂಡಿನ ಚಳಿ. ನಮ್ಮವರಲ್ಲಿ ಹಲವರು ಆಗಲೂ ಬರಿಗಾಲು. ಒಣ ನೆಲದಲ್ಲಿ ಬೆರಳುಗಳಿಗೆ ಚೆಂಡಿನ ಮಾತು ತಿಳಿಯುತ್ತೆ, ಆದ್ರೆ ತಣ್ಣಗಿನ ಹುಲ್ಲಿನ ಮೇಲೆ ಬೂಟಿನ ಮೊಳೆಗಳ ಎದುರು ಅದೇ ಪಾದ ಜಾರುತ್ತೆ. ಗೋಲುಗಳು ಬೀಳ್ತಾ ಹೋದವು. ಒಟ್ಟು ಹತ್ತು ಬಿದ್ದವು.

89ನೇ ನಿಮಿಷ. ಆಟ ಯಾವಾಗಲೋ ಕೈಬಿಟ್ಟು ಹೋಗಿದೆ. ಓಡಿದರೂ ಸೋಲೇ, ನಿಂತರೂ ಸೋಲೇ. ಆಗ ಅಹ್ಮದ್ ಖಾನ್ ಗೋಲು ಹೊಡೆದರು. 10-1.

ಈ ಅಂಕಿಯನ್ನ ಎರಡು ಥರ ಓದಬಹುದು. ಒಲಿಂಪಿಕ್ಸ್‌ನಲ್ಲಿ ಭಾರತ ಕಂಡ ದೊಡ್ಡ ಸೋಲು ಅಂತ ಓದೋರೇ ಹೆಚ್ಚು. ಆ ಸೋಲಿಂದಲೇ ಫೆಡರೇಷನ್ ಎಚ್ಚೆತ್ತು ಬೂಟು ಕಡ್ಡಾಯ ಮಾಡ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ಸೆಮಿಫೈನಲ್ ಮುಟ್ಟಿತು. ಆದ್ರೆ ನನಗೆ ಆ ಒಂದೇ ದೊಡ್ಡದಾಗಿ ಕಾಣುತ್ತೆ. ಸ್ಕೋರ್‌ಬೋರ್ಡ್ ಏನೇ ಹೇಳಲಿ, ಸೀಟಿ ಊದೋವರೆಗೂ ಮುಂದಕ್ಕೆ ಹೋಗೋದೇ ಫಾರ್ವರ್ಡ್‌ನ ಕೆಲಸ. ಅವರು ಆ ದಿನ ಕೆಲಸ ಮುಗಿಸಿಯೇ ಹೊರಗೆ ಬಂದರು.

ಅರ್ಜುನ ಪ್ರಶಸ್ತಿ ಶುರುವಾಗಿದ್ದು 1961ರಲ್ಲಿ. ಅಷ್ಟೊತ್ತಿಗೆ ಅವರ ದೊಡ್ಡ ಆಟಗಳೆಲ್ಲ ಮುಗಿದಿದ್ದವು. ಬೆಂಗಳೂರಿಗೆ ವಾಪಸ್ ಬಂದು ಇಲ್ಲೇ ಬಾಳಿದರು. 2017ರ ಆಗಸ್ಟ್‌ನಲ್ಲಿ, ತೊಂಬತ್ತರ ವಯಸ್ಸಿನಲ್ಲಿ ತೀರಿಕೊಂಡರು. ಹಲಸೂರಿನ ಹತ್ತಿರ ಗೌತಮಪುರ ಅಂತ ಇದೆ, ಫುಟ್‌ಬಾಲ್ ಹುಚ್ಚಿನ ಬಡಾವಣೆ. ಅಲ್ಲಿ ಪೆಲೆಯ ಪ್ರತಿಮೆ ಇದೆ. ಪೆಲೆಗೆ ಪ್ರತಿಮೆ ಬೇಡ ಅಂತ ಯಾರೂ ಹೇಳಲ್ಲ. ಆದ್ರೆ ಅದೇ ಊರಿನ ಗಾಳಿಯಲ್ಲಿ ಬೆಳೆದವರ ಹೆಸರೂ ನಾಲಿಗೆ ಮೇಲೆ ಇರಬೇಕಲ್ವಾ?

ಈಗಿನವರ ಥರ ಅವರ ಒಂದೊಂದು ಟಚ್‌ಗೂ ವಿಡಿಯೋ ಇಲ್ಲ. ಉಳಿದಿರೋದು ಸ್ಕೋರು, ಅಡ್ಡಹೆಸರು, ನೋಡಿದವರ ಮಾತು. ನೋಡಿದವರೂ ಒಬ್ಬೊಬ್ಬರಾಗಿ ಹೋಗ್ತಿದ್ದಾರೆ. ಒಲಿಂಪಿಕ್ಸ್ ಆಡಿದವರದ್ದೇ ಹೀಗಾದ್ರೆ, ನಮ್ಮ ಹೋಬಳಿ, ತಾಲ್ಲೂಕು ಮಟ್ಟದಲ್ಲಿ ಕಬಡ್ಡಿ, ಖೋಖೋ ಆಡಿ ಹೆಸರು ಮಾಡಿದವರ ಕಥೆ ಏನು? ನಿಮ್ಮೂರಲ್ಲಿ ಅಂಥ ಹಿರಿಯರಿದ್ರೆ ಒಂದು ಸಂಜೆ ಜೊತೆಗೆ ಕೂತು ಮಾತಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿ ಇಡಿ. ಯಾವ ವರ್ಷ, ಯಾವ ಮೈದಾನ, ಜೊತೆಗೆ ಯಾರು ಆಡಿದ್ರು, ಅಷ್ಟು ಕೇಳಿದ್ರೂ ಸಾಕು.

ಮುಂದಿನ ಎಪಿಸೋಡ್‌ನಲ್ಲಿ ಮತ್ತೆ ಸಿಗೋಣ.