ಗೋಡೆಯ ಆಚೆಗೆ ಬೆಳಕು: ಅಗೋಚರ ಕಣಗಳ ಲೇಸರ್ ಶೋಧ

ಬೆಳಕು ತೂರದ ಗೋಡೆಯ ಮೇಲೆ ಲೇಸರ್ ಕಿರಣವನ್ನು ಹಾಯಿಸಿ, ಹಿಂಬದಿಯಲ್ಲಿ ಬೆಳಕು ಕಾಣುವುದೇ ಎಂದು ಪರೀಕ್ಷಿಸುವ ಪ್ರಯೋಗಗಳು ಹಲವು ದೇಶಗಳಲ್ಲಿ ನಡೆದಿವೆ. ಮೇಲ್ನೋಟಕ್ಕೆ ವ್ಯರ್ಥವೆನಿಸುವ ಈ ಕಾರ್ಯದ ಉದ್ದೇಶವು ಆಕ್ಸಿಯಾನ್ ಹಾಗೂ ಅದನ್ನು ಹೋಲುವ ಹಗುರ ಕಣಗಳ ಶೋಧವಾಗಿರುತ್ತದೆ.

ರೊಬರ್ಟೊ ಪೆಚ್ಚೆ ಮತ್ತು ಹೆಲೆನ್ ಕ್ವಿನ್ ಅವರು 1977ರಲ್ಲಿ ಮಂಡಿಸಿದ ಸಿದ್ಧಾಂತದಿಂದ ಇಂತಹ ಕಣವೊಂದು ಇರಬೇಕಾಗುತ್ತದೆಂದು 1978ರಲ್ಲಿ ಸ್ಟೀವನ್ ವೈನ್‌ಬರ್ಗ್ ಮತ್ತು ಫ್ರಾಂಕ್ ವಿಲ್ಚೆಕ್ ಅವರು ಪ್ರತ್ಯೇಕವಾಗಿ ತೋರಿಸಿದರು. ಆಕ್ಸಿಯಾನ್ ಎಂಬುದು ಮೂಲತಃ ಒಂದು ಮಾರ್ಜಕದ ಹೆಸರು; ವಿಲ್ಚೆಕ್ ಅವರು ಅದನ್ನು ಕಣಕ್ಕೆ ಇಟ್ಟರು.

ಪ್ರಬಲ ಕಾಂತಕ್ಷೇತ್ರದಲ್ಲಿ ಬೆಳಕಿನ ಕಣವಾದ ಫೋಟಾನ್ ಅತಿ ವಿರಳವಾಗಿ ಆಕ್ಸಿಯಾನ್‌ನಂತಹ ಕಣವಾಗಿ ಮಾರ್ಪಡಬಹುದೆಂದು ಸಿದ್ಧಾಂತವು ಹೇಳುತ್ತದೆ. ಈ ಕಣಕ್ಕೆ ಗೋಡೆಯು ತಡೆಯಾಗುವುದಿಲ್ಲ. ಆಚೆಬದಿಯ ಕಾಂತಕ್ಷೇತ್ರದಲ್ಲಿ ಅದು ಪುನಃ ಫೋಟಾನ್ ಆಗಬಹುದು. ವಿರಳ ಘಟನೆಯೊಂದು ಎರಡು ಬಾರಿ ಸಂಭವಿಸಬೇಕಾದುದರಿಂದ ಸಂಕೇತವು ಅತ್ಯಂತ ಕ್ಷೀಣವಾಗಿರುತ್ತದೆ. ಆದಾಗ್ಯೂ, ಎರಡೂ ಬದಿಗಳಲ್ಲಿ ಕಾಂತಕ್ಷೇತ್ರದ ಉದ್ದವನ್ನು ಇಮ್ಮಡಿಗೊಳಿಸಿದಲ್ಲಿ ಹಗುರ ಕಣಗಳ ಮಟ್ಟಿಗೆ ಸಂಕೇತವು 16 ಪಟ್ಟು ಹೆಚ್ಚುತ್ತದೆ.

ಗೋಡೆಯ ಅಗತ್ಯವನ್ನು ಮನಗಾಣಿಸಿದ್ದು 2006ರ ಒಂದು ಪ್ರಕರಣ. ಇಟಲಿಯ ಲೆನ್ಯಾರೊದಲ್ಲಿನ ಪಿವಿಎಲ್‌ಎಎಸ್ ತಂಡವು, ಕಾಂತಕ್ಷೇತ್ರದ ಮೂಲಕ ಸಾಗಿದ ಲೇಸರ್ ಬೆಳಕಿನ ಧ್ರುವೀಕರಣ ದಿಕ್ಕು ಅಲ್ಪಪ್ರಮಾಣದಲ್ಲಿ ತಿರುಗಿತೆಂದು ಪ್ರಕಟಿಸಿತು. ಹೊಸ ಕಣದ ನಿರೀಕ್ಷೆ ಮೂಡಿತು. ಆ ಪ್ರಯೋಗದಲ್ಲಿ ಗೋಡೆ ಇರಲಿಲ್ಲ. ಉಪಕರಣವನ್ನು ಸುಧಾರಿಸಿ ಮರುಪರೀಕ್ಷಿಸಿದಾಗ ಸಂಕೇತವು ಕಂಡುಬರಲಿಲ್ಲವೆಂದು ಅದೇ ತಂಡವು 2007ರಲ್ಲಿ ವರದಿ ಮಾಡಿತು. ತನ್ನ ಫಲಿತಾಂಶವನ್ನು ತಾನೇ ತಿದ್ದಿಕೊಂಡ ಈ ನಡೆ ಶ್ಲಾಘನೀಯ. ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ ಗೋಡೆಯಿಟ್ಟು ನಡೆಸಿದ ಪ್ರಯೋಗವು 2008ರಲ್ಲಿ ಅಂತಹ ಕಣದ ಸಾಧ್ಯತೆಯನ್ನು ತಳ್ಳಿಹಾಕಿತು.

ಜರ್ಮನಿಯ ಹ್ಯಾಂಬರ್ಗ್‌ನ ಡೆಸಿ ಸಂಸ್ಥೆಯ ಆಲ್ಪ್ಸ್ ಪ್ರಯೋಗದ ಮೊದಲ ಹಂತದಲ್ಲಿಯೂ ಯಾವುದೇ ಕಣ ದೊರೆಯಲಿಲ್ಲ; ಫಲಿತಾಂಶವು 2010ರಲ್ಲಿ ಪ್ರಕಟವಾಯಿತು. ಎರಡನೆಯ ಹಂತವು 2023ರ ಮೇ ತಿಂಗಳಲ್ಲಿ ಆರಂಭಗೊಂಡಿತು. 2007ರಲ್ಲಿ ಸ್ಥಗಿತಗೊಂಡ ಹೆರಾ ವೇಗವರ್ಧಕದ 24 ಅತಿವಾಹಕ ಅಯಸ್ಕಾಂತಗಳನ್ನು ಇದಕ್ಕೆ ಮರುಬಳಸಲಾಗಿದೆ. ವರ್ತುಲಾಕಾರದ ಯಂತ್ರಕ್ಕಾಗಿ ತುಸು ಬಾಗಿಸಿ ತಯಾರಿಸಿದ್ದ ಇವುಗಳ ಒಳಕೊಳವೆಗಳನ್ನು, ಲೇಸರ್ ನೇರವಾಗಿ ಸಾಗುವಂತೆ ಒತ್ತಿ ನೆಟ್ಟಗೆ ಮಾಡಬೇಕಾಯಿತು. ಗೋಡೆಯ ಪ್ರತಿ ಬದಿಗೆ 12ರಂತೆ ಅಳವಡಿಸಿರುವ ಈ ವ್ಯವಸ್ಥೆಯ ಒಟ್ಟು ಉದ್ದ ಸುಮಾರು 250 ಮೀಟರ್. ಹೊಸದಾಗಿ ನಿರ್ಮಿಸುವ ವೆಚ್ಚವನ್ನು ಪರಿಗಣಿಸಿದರೆ ಇದು ಗಣನೀಯ ಉಳಿತಾಯವೇ ಸರಿ.

ಇಂತಹ ಪ್ರಯೋಗಗಳಲ್ಲಿ ಆಚೆಬದಿ ಬೆಳಕು ಕಂಡ ಮಾತ್ರಕ್ಕೆ ಕಣ ದೊರೆತಂತಾಗುವುದಿಲ್ಲ. ಕಾಂತಕ್ಷೇತ್ರವನ್ನು ನಿಲ್ಲಿಸಿದ ನಂತರವೂ ಅದು ಉಳಿದಲ್ಲಿ, ಅದನ್ನು ಆಕ್ಸಿಯಾನ್‌ನ ಸಂಕೇತವೆಂದು ಪರಿಗಣಿಸಲಾಗದು; ಅದು ಎಲ್ಲಿಂದಲೋ ಸೋರಿದ ಬೆಳಕಾಗಿರಬಹುದು.